ಕಟ್ಟಿದವರು ಬಂದು ನೋಡಿದರೆ

(ಸಂಘದ ಸಂಸ್ಥಾಪನಾ ದಿನೋತ್ಸವದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವೈದ್ಯರನ್ನು ವೇದಿಕೆಗೆ ಕರೆದರೆ ಏನಾಗುತ್ತದೆ ಎಂಬುದು ನಿಮಗೆಲ್ಲ ಅನುಭವದಿಂದ ಗೊತ್ತಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲು ಎಂದು ಅರ್ಧ ಗಂಟೆ ಹೆದರಿಸಿ, ಆಮೇಲೆ ನಾವೇ ಮೊದಲು ಹೋಗಿ ಹೋಳಿಗೆಯ ಸಾಲಿನಲ್ಲಿ ನಿಲ್ಲುತ್ತೇವೆ. ಈ ವರ್ಷ ಆ ಪಾಪ ಬೇಡವೆಂದು ಅಧ್ಯಕ್ಷರ ಅನುಮತಿ ಪಡೆದು ಬೇರೆ ವಿಷಯ ಆರಿಸಿಕೊಂಡಿದ್ದೇವೆ. ವಿಷಯ ಕೊಂಚ ಹುಡುಗಾಟದ್ದೆಂದು ತೋರಬಹುದು: ಒಂದು ವಿಹಾರಧಾಮವನ್ನು ಕಟ್ಟಿದ ಮನುಷ್ಯ ಇವತ್ತು ತಿರುಗಿ ಬಂದು ಅದನ್ನು ನೋಡಿದರೆ ಏನೆನ್ನಬಹುದು? ಸಂಸ್ಥಾಪನಾ ದಿನದಂದು ಇದನ್ನೇಕೆ ಕೇಳುತ್ತಿದ್ದೇವೆ ಎಂಬುದು ಕೊನೆಯಲ್ಲಿ ತಾನಾಗಿ ತಿಳಿಯುತ್ತದೆ.

2025ರ ಫೆಬ್ರವರಿ 28ರ ಬೆಳಗ್ಗೆ ನಮ್ಮ ಪ್ಲೇನ್ಸ್‌ಬರೋದ ಹಲವು ಮನೆಗಳಲ್ಲಿ ಮಕ್ಕಳು ಶಾಲೆಗೆ ಹೊರಡುವ ಮೊದಲೇ ಒಂದು ಸುದ್ದಿ ಬಂತು. ಜಾಕ್ಸನ್ ಊರಿನ ಗ್ರೇಟ್ ಅಡ್ವೆಂಚರ್‌ನಲ್ಲಿದ್ದ ಕಿಂಗ್ಡಾ ಕಾ ಎಂಬ ರೋಲರ್ ಕೋಸ್ಟರನ್ನು ಸಿಡಿಮದ್ದು ಇಟ್ಟು ಉರುಳಿಸಿದರು. ಅದರ ಎತ್ತರ 456 ಅಡಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಶ್ರವಣಬೆಳಗೊಳದ 57 ಅಡಿಯ ಗೊಮ್ಮಟನಂಥ ಎಂಟು ಮೂರ್ತಿಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು. ಮೂರೂವರೆ ಸೆಕೆಂಡಿನಲ್ಲಿ ಗಂಟೆಗೆ 128 ಮೈಲಿಯ ವೇಗ. ಬಾಳಿದಷ್ಟು ದಿನವೂ ಅದು ಪ್ರಪಂಚದ ಅತಿ ಎತ್ತರದ ರೋಲರ್ ಕೋಸ್ಟರ್ ಆಗಿಯೇ ಇತ್ತು. ಸವಾರಿ ಅರ್ಧ ನಿಮಿಷದೊಳಗೆ ಮುಗಿಯುತ್ತಿತ್ತು. ಅದಕ್ಕಾಗಿ ಕಾಯುತ್ತಿದ್ದುದು ಮಾತ್ರ ಎರಡು ಗಂಟೆ. ಇದಕ್ಕಿಂತ ಹೆಚ್ಚು ಕಾದು ಇದಕ್ಕಿಂತ ಕಡಿಮೆ ಹೊತ್ತು ಕಾಣುವುದು ತಿರುಪತಿಯಲ್ಲಿ ಮಾತ್ರ ಎಂದು ನಮ್ಮ ಮನೆಯ ಹಿರಿಯರೊಬ್ಬರು ಹೇಳುತ್ತಿದ್ದರು.

ಆ ಗೋಪುರ ಕುಸಿಯುವ ಚಿತ್ರವನ್ನು ನೋಡಿ ನಮ್ಮ ಮಗ ಕಣ್ಣೊರೆಸಿಕೊಂಡು ಕೇಳಿದ: "ಈ ಪಾರ್ಕ್ ಕಟ್ಟಿದವರಿಗೆ ಬೇಜಾರಾಗಲ್ವಾ?" ಆ ಪ್ರಶ್ನೆಯೇ ಈ ಭಾಷಣದ ಮೂಲ.

ಗ್ರೇಟ್ ಅಡ್ವೆಂಚರ್ ನಮಗೆ ಹೊಸದಲ್ಲ. ಊರಿನಿಂದ ಅಪ್ಪ ಅಮ್ಮ ಬಂದರೆ ನಯಾಗರ, ಲಿಬರ್ಟಿ ಪ್ರತಿಮೆ, ಬ್ರಿಡ್ಜ್‌ವಾಟರ್ ದೇವಸ್ಥಾನ ಇವೆಲ್ಲ ಆದ ಮೇಲೆ ಒಂದು ಶನಿವಾರ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು 195ನೇ ಹೆದ್ದಾರಿ ಹಿಡಿದು ಜಾಕ್ಸನ್‌ಗೆ ಹೋಗುವುದು ನಮ್ಮೆಲ್ಲರ ಮನೆಯ ಪದ್ಧತಿ. ಆದರೆ ಅದನ್ನು ಕಟ್ಟಿದವರು ಯಾರು ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ಅವರ ಹೆಸರು ವಾರ್ನರ್ ಲೆರಾಯ್. 1939ರ 'ದಿ ವಿಜರ್ಡ್ ಆಫ್ ಆಜ್' ಚಿತ್ರದ ನಿರ್ಮಾಪಕ ಮರ್ವಿನ್ ಲೆರಾಯ್ ಅವರ ಮಗ. ತಾಯಿಯ ಕಡೆಯಿಂದ ವಾರ್ನರ್ ಬ್ರದರ್ಸ್ ಮನೆತನದ ಮೊಮ್ಮಗ. ನ್ಯೂಯಾರ್ಕಿನಲ್ಲಿ ರಂಗಮಂದಿರ ನಡೆಸಿ, ಆಮೇಲೆ ಮ್ಯಾಕ್ಸ್‌ವೆಲ್ಸ್ ಪ್ಲಮ್ ಎಂಬ ಅದ್ದೂರಿ ಉಪಾಹಾರ ಗೃಹ ತೆರೆದು ಹೆಸರಾದವರು. ಊಟದ ಮನೆಯೇ ನಾಟಕದ ರಂಗದಂತಿರಬೇಕು ಎಂಬ ಸ್ವಭಾವ. ಅವರು 1974ರ ಜುಲೈ 1ರಂದು ಜಾಕ್ಸನ್ನಿನ ಪೈನ್ ಕಾಡಿನ ನಡುವೆ ಬಾಗಿಲು ತೆರೆದ ಗ್ರೇಟ್ ಅಡ್ವೆಂಚರ್‌ನಲ್ಲಿ ಮುಖ್ಯವಾದದ್ದು ವೇಗವಲ್ಲ, ಬೆರಗು. ಎಲ್ಲವೂ ದೊಡ್ಡದು, ಎಲ್ಲವೂ ಬಣ್ಣದ್ದು. ಆಕಾಶಕ್ಕೆ ಏರುವ ಫೆರಿಸ್ ಚಕ್ರ, ಐಸ್‌ಕ್ರೀಮ್ ಸುರಿದಂತೆ ಕಾಣುವ ಛಾವಣಿಯ ಉಪಾಹಾರ ಗೃಹ, ಪಕ್ಕದಲ್ಲಿ 350 ಎಕರೆಯ ಸಫಾರಿ. ಜನ ತಮ್ಮ ಕಾರಿನಲ್ಲೇ ಕುಳಿತು ಸಿಂಹ, ಜಿರಾಫೆಗಳ ನಡುವೆ ಹಾದುಹೋಗಬಹುದಿತ್ತು. ಕೋತಿಗಳು ಕಾರಿನ ಮೇಲೇರಿ ಕೈಗೆ ಸಿಕ್ಕಿದ್ದನ್ನು ಕಿತ್ತುಕೊಳ್ಳುತ್ತಿದ್ದ ಕಥೆಯನ್ನು ಇಲ್ಲಿಯ ಹಳಬರು ಇನ್ನೂ ಹೇಳುತ್ತಾರೆ. ಚಾಮುಂಡಿ ಬೆಟ್ಟ ನೋಡಿದ ನಮಗೆ ಅದೇನು ದೊಡ್ಡ ವಿಷಯವಲ್ಲ.

ಮೂರೇ ವರ್ಷದಲ್ಲಿ, 1977ರಲ್ಲಿ, ಧಾಮವು ಸಿಕ್ಸ್ ಫ್ಲಾಗ್ಸ್ ಸಂಸ್ಥೆಯ ಕೈಸೇರಿತು. ಲೆರಾಯ್ 2001ರಲ್ಲಿ ತೀರಿಕೊಂಡರು. ಕಿಂಗ್ಡಾ ಕಾ ಏರಿದ್ದು 2005ರಲ್ಲಿ. ಅಂದರೆ ಯಾವ ಗೋಪುರ ಬಿದ್ದದ್ದಕ್ಕೆ ನಮ್ಮ ಮಗ ಅತ್ತನೋ ಅದನ್ನು ಧಾಮ ಕಟ್ಟಿದವರು ಕಂಡೇ ಇರಲಿಲ್ಲ. ಇದೇ ಮೊದಲ ಪಾಠ. ನಾವು ಯಾವುದನ್ನು 'ಮೊದಲಿನಿಂದ ಇದ್ದದ್ದು' ಎಂದುಕೊಂಡು ದುಃಖಿಸುತ್ತೇವೋ, ಅದು ಎಷ್ಟೋ ಸಲ ನಡುವೆ ಬಂದದ್ದು.

ಅವರು ಇವತ್ತು ಬಂದರೆ ಏನನ್ನು ಹುಡುಕುತ್ತಾರೆ? ಬಹುಶಃ ಸಫಾರಿಯನ್ನು. 2013ರಲ್ಲಿ ಸ್ವಂತ ಕಾರಿನ ಸಫಾರಿಯ ಬದಲು ಸಂಸ್ಥೆಯ ಲಾರಿಯಲ್ಲಿ ಕೂರಿಸಿಕೊಂಡು ಹೋಗುವ ವ್ಯವಸ್ಥೆ ಬಂತು. 2020ರಲ್ಲಿ ಕೋವಿಡ್ ಬಂದಾಗ ಜನ ಜನರನ್ನು ಮುಟ್ಟದಂತಿರಲು ಮತ್ತೆ ಸ್ವಂತ ಕಾರಿನ ದಾರಿಯೇ ತೆರೆಯಿತು. ಹಳೆಯದೆಂದು ಬಿಟ್ಟ ವಿಚಾರ ಕಷ್ಟಕಾಲದಲ್ಲಿ ಕೈಹಿಡಿಯಿತು. ಇದನ್ನು ಕಂಡು ಲೆರಾಯ್ ಮೀಸೆಯಡಿಯಲ್ಲಿ ನಕ್ಕಿರಬಹುದು.

ಆದರೆ ವೈದ್ಯರಾದ ನಮಗೆ ಇನ್ನೊಂದು ಪುಟ ಬಿಟ್ಟು ಹೋಗಲಾಗದು. 1984ರ ಮೇ 11ರ ಸಂಜೆ ಅಲ್ಲಿಯ ಭೂತಬಂಗಲೆಗೆ ಬೆಂಕಿ ಬಿದ್ದು ಎಂಟು ಮಂದಿ ಹದಿಹರೆಯದವರು ಸತ್ತರು. ಅದರೊಳಗೆ ಬೆಂಕಿ ಆರಿಸುವ ನೀರಿನ ಸಿಂಪರಣೆ ಇರಲಿಲ್ಲ. ಮೊಕದ್ದಮೆಯಲ್ಲಿ ಸಂಸ್ಥೆ ನಿರ್ದೋಷಿಯೆಂದು ತೀರ್ಪಾಯಿತು. ರಾಜ್ಯದ ಅಗ್ನಿ ನಿಯಮಗಳು ಮಾತ್ರ ಆಮೇಲೆ ಬಿಗಿಯಾದವು. ಕಟ್ಟಿದವರು ಕನಸು ಕಾಣುತ್ತಾರೆ. ನಡೆಸುವವರು ಬಾಗಿಲು, ಬೆಳಕು, ತುರ್ತು ದಾರಿ ನೋಡಿಕೊಳ್ಳಬೇಕು. ಎರಡೂ ಬೇಕು. ಕನಸಿಲ್ಲದ ವ್ಯವಸ್ಥೆ ಆಫೀಸಾಗುತ್ತದೆ, ವ್ಯವಸ್ಥೆಯಿಲ್ಲದ ಕನಸು ಜೀವ ತೆಗೆಯುತ್ತದೆ.

ಜಾಕ್ಸನ್‌ವರೆಗೆ ಹೋಗುವುದೇಕೆ? ನಾವು ಮನೆ ಮಾಡಿಕೊಂಡಿರುವ ಈ ಪ್ಲೇನ್ಸ್‌ಬರೋಗೂ ಒಂದು ಕಾಲದಲ್ಲಿ ಜನ ನೋಡಲೆಂದೇ ಬರುತ್ತಿದ್ದರು. ಇಲ್ಲಿಯ ವಾಕರ್ ಗಾರ್ಡನ್ ಹೈನುಶಾಲೆಯಲ್ಲಿ 1930ರಲ್ಲಿ ಹೆನ್ರಿ ಜೆಫರ್ಸ್ ಎಂಬವರು ರೋಟೊಲಾಕ್ಟರ್ ಎಂಬ ತಿರುಗುವ ಯಂತ್ರವನ್ನು ನಿಲ್ಲಿಸಿದರು. ಐವತ್ತು ಹಸುಗಳು ಒಂದೊಂದಾಗಿ ಹತ್ತಿ, ಒಂದು ಸುತ್ತು ಬರುವಷ್ಟರಲ್ಲಿ ಹಾಲು ಕರೆಸಿಕೊಂಡು ಇಳಿಯುತ್ತಿದ್ದವು. ಜನ ಗಾಜಿನಾಚೆ ನಿಂತು ನೋಡುತ್ತಿದ್ದರು. ಹಸುಗಳಿಗೆ ರಂಗರಾಟೆ! 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಬೋರ್ಡೆನ್ ಕಂಪನಿ ಇದನ್ನೇ ಪ್ರದರ್ಶನಕ್ಕಿಟ್ಟಿತು. ಅಲ್ಲಿ ಹೆಸರಾದ ಎಲ್ಸಿ ಎಂಬ ಹಸು ಪ್ಲೇನ್ಸ್‌ಬರೋದ್ದು. 1941ರಲ್ಲಿ ಅದು ಅಪಘಾತದಲ್ಲಿ ಪೆಟ್ಟಾಗಿ ಸತ್ತಾಗ ಈ ಮಣ್ಣಿನಲ್ಲೇ ಹೂಳಿದರು. ಹೈನುಶಾಲೆ 1971ರಲ್ಲಿ ಮುಚ್ಚಿತು. ಈಗ ಆ ನೆಲದಲ್ಲಿ ಮನೆಗಳಿವೆ.

ಜೆಫರ್ಸ್ ಇವತ್ತು ಬಂದರೆ ಒಂದೂ ಹಸು ಕಾಣದೆ ದಿಗ್ಭ್ರಮೆಗೊಳ್ಳುತ್ತಾರೆ. ಆದರೆ ಯಾವುದಾದರೂ ಗೃಹಪ್ರವೇಶದ ದಿನ ಬಂದರೆ, ಹೊಸ ಮನೆಯ ಒಲೆಯ ಮುಂದೆ ರೇಷ್ಮೆ ಸೀರೆ ಉಟ್ಟ ಗೃಹಿಣಿ ಹಾಲು ಉಕ್ಕುವುದನ್ನೇ ಕಾಯುತ್ತಿರುವುದನ್ನು, ಉಕ್ಕಿದ ಕೂಡಲೇ ಎಲ್ಲರೂ ಕೈಮುಗಿಯುವುದನ್ನು ನೋಡುತ್ತಾರೆ. ಹಾಲನ್ನು ಇಷ್ಟು ಭಕ್ತಿಯಿಂದ ನೋಡುವ ಜನ ತಮ್ಮ ಹೈನುಶಾಲೆಯ ಜಾಗಕ್ಕೆ ಬಂದರಲ್ಲ ಎಂದು ಅವರಿಗೆ ಸಮಾಧಾನವಾಗಬಹುದು. ಕಟ್ಟಿದ್ದರ ರೂಪ ಹೋದರೂ ಸಾರ ಎಲ್ಲೋ ಉಳಿಯುತ್ತದೆ, ನಮಗೆ ಗೊತ್ತಿಲ್ಲದಂತೆ.

ಇನ್ನು ಎಲ್ಲರಿಗೂ ಗೊತ್ತಿರುವ ಸಂಸ್ಥಾಪಕ ವಾಲ್ಟ್ ಡಿಸ್ನಿ. ಅವರು ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕುದುರೆಯ ರಂಗರಾಟೆಗೆ ಕೂರಿಸಿ, ತಾವು ಬೆಂಚಿನ ಮೇಲೆ ಸುಮ್ಮನೆ ಕುಳಿತಿರುತ್ತಿದ್ದಾಗ, ತಂದೆತಾಯಿ ಮತ್ತು ಮಕ್ಕಳು ಒಟ್ಟಿಗೆ ಆನಂದಪಡುವ ಒಂದು ಜಾಗ ಇರಬಾರದೆ ಎಂದು ಹೊಳೆದದ್ದನ್ನು ಹೇಳಿಕೊಂಡಿದ್ದಾರೆ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಫ್ಲಾರಿಡಾದ ಯೋಜನೆ ಕೈಗೂಡುವ ಮೊದಲೇ, 1966ರ ಡಿಸೆಂಬರಿನಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ ಅವರು ಹೋದರು. ನಿವೃತ್ತಿಯನ್ನು ಮುಂದೂಡಿ ಕೆಲಸ ಮುಗಿಸಿದವರು ಅಣ್ಣ ರಾಯ್ ಡಿಸ್ನಿ. 1971ರ ಅಕ್ಟೋಬರ್ 1ರಂದು ಅದನ್ನು ತೆರೆದು, ತಮ್ಮನ ಹೆಸರು ಮೊದಲಿಗಿರಲೆಂದು 'ವಾಲ್ಟ್ ಡಿಸ್ನಿ ವರ್ಲ್ಡ್' ಎಂದೇ ಕರೆದು, ಅದೇ ಡಿಸೆಂಬರಿನಲ್ಲಿ ತಾವೂ ಕಣ್ಮುಚ್ಚಿದರು. ನಮ್ಮ ರಾಮಾಯಣದಲ್ಲಿ ತಮ್ಮ ಅಣ್ಣನ ಪಾದುಕೆ ಹೊತ್ತ; ಇಲ್ಲಿ ಅಣ್ಣ ತಮ್ಮನ ಹೆಸರು ಹೊತ್ತ.

ಆದರೆ ವಾಲ್ಟ್ ಫ್ಲಾರಿಡಾದಲ್ಲಿ ಮುಖ್ಯವಾಗಿ ಕಟ್ಟಬೇಕೆಂದಿದ್ದದ್ದು ಇನ್ನೊಂದು ಆಟದ ಬಯಲಲ್ಲ. ಎಪ್ಕಾಟ್ ಎಂಬ ನಿಜವಾದ ಊರು. ಇಪ್ಪತ್ತು ಸಾವಿರ ಜನ ಅಲ್ಲಿ ವಾಸಿಸಬೇಕು, ದುಡಿಯಬೇಕು, ಹೊಸ ಬದುಕಿನ ಪ್ರಯೋಗ ಮಾಡಬೇಕು ಎಂಬುದು ಅವರ ಆಸೆ. 1982ರಲ್ಲಿ ಎಪ್ಕಾಟ್ ಹೆಸರಿನಲ್ಲಿ ತೆರೆದದ್ದು ಒಂದು ಸುಂದರವಾದ ಮೇಳ. ಹನ್ನೊಂದು ದೇಶಗಳ ಮಂಟಪಗಳಿವೆ. ಭಾರತದ್ದಿಲ್ಲ, ಅದಕ್ಕಾಗಿ ನಮ್ಮ ಪ್ರತಿಯೊಬ್ಬ ಅತಿಥಿಯೂ ಒಂದು ಸಲ ಬೇಸರ ಪಡುತ್ತಾರೆ. ಆದರೆ ಊರಿಲ್ಲ, ವಾಸವಿಲ್ಲ. ರಾತ್ರಿ ಬಾಣಬಿರುಸು ಮುಗಿದ ಕೂಡಲೆ ಎಲ್ಲರೂ ಪಾರ್ಕಿಂಗ್ ಕಡೆಗೆ ಓಡುತ್ತಾರೆ. ಕಟ್ಟಬೇಕೆಂದದ್ದು ಬಾಳುವ ಊರು. ಕಟ್ಟಿದ್ದು ನೋಡಿ ಹೊರಡುವ ಜಾತ್ರೆ. ವಾಲ್ಟ್ ಬಂದರೆ ಜಾತ್ರೆಯ ಅಚ್ಚುಕಟ್ಟನ್ನು ಮೆಚ್ಚುತ್ತಾರೆ, ಸಂದೇಹವಿಲ್ಲ. ಆಮೇಲೆ, "ಇಲ್ಲಿ ಯಾರ ಮನೆಯಿದೆ?" ಎಂದು ಕೇಳುತ್ತಾರೆ ಎನಿಸುತ್ತದೆ.

ಬಂಧುಗಳೆ, ಈಗ ನಮ್ಮ ಊರಿಗೆ ಹೋಗೋಣ. ಬೆಂಗಳೂರು-ಮೈಸೂರು ಹಳೆಯ ರಸ್ತೆಯಲ್ಲಿ ಎರಡು ಧಾಮಗಳಿವೆ. ಬಿಡದಿಯ ಹತ್ತಿರ ವಂಡರ್ಲಾ. ರಾಮನಗರ ದಾಟಿದ ಮೇಲೆ ಜಾನಪದ ಲೋಕ. ವಂಡರ್ಲಾವನ್ನು ಸ್ಥಾಪಿಸಿದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿಯವರು ಅದನ್ನು ತೆರೆದದ್ದು 2005ರಲ್ಲಿ. ಜಾನಪದ ಲೋಕವನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ತೀರಿಕೊಂಡದ್ದೂ 2005ರಲ್ಲಿ. ಜಾಕ್ಸನ್ನಿನಲ್ಲಿ ಕಿಂಗ್ಡಾ ಕಾ ಎದ್ದದ್ದೂ ಅದೇ ವರ್ಷ. ಇದು ಕಾಕತಾಳೀಯ, ಇದರಲ್ಲಿ ಜ್ಯೋತಿಷ್ಯ ಹುಡುಕಬೇಕಿಲ್ಲ.

ನಾಗೇಗೌಡರು 1915ರಲ್ಲಿ ನಾಗಮಂಗಲ ತಾಲ್ಲೂಕಿನಲ್ಲಿ ಹುಟ್ಟಿದವರು, ಐ.ಎ.ಎಸ್. ಅಧಿಕಾರಿಯಾಗಿ ದುಡಿದವರು. ನಿವೃತ್ತರಾದ ಅಧಿಕಾರಿಗಳು ಸಾಮಾನ್ಯವಾಗಿ ಜಯನಗರದಲ್ಲಿ ಮನೆ ಕಟ್ಟಿ ಬೆಳಗಿನ ವಾಯುವಿಹಾರದಲ್ಲಿ ಸರ್ಕಾರವನ್ನು ತಿದ್ದುತ್ತಾರೆ. ಇವರು ಹಾಗೆ ಮಾಡಲಿಲ್ಲ. 1979ರಲ್ಲಿ, ತಮ್ಮ ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ಹಳ್ಳಿ ಹಳ್ಳಿಯ ಹಾಡುಗಾರರ ದನಿಯನ್ನು ಟೇಪಿನಲ್ಲಿ ಹಿಡಿಸಿಟ್ಟರು. ಬೀಸುವ ಕಲ್ಲು, ಒನಕೆ, ಮೊರ, ಬುಟ್ಟಿ, ಸೂತ್ರದ ಗೊಂಬೆ, ನೇಗಿಲು ಇವನ್ನೆಲ್ಲ ಸಂಗ್ರಹಿಸಿದರು. 1994ರಲ್ಲಿ ಜಾನಪದ ಲೋಕ ಹದಿನೈದು ಎಕರೆಯಲ್ಲಿ ಉದ್ಘಾಟನೆಯಾದಾಗ ಅವರಿಗೆ ಎಪ್ಪತ್ತೊಂಬತ್ತು. ಮರುವರ್ಷ ಮುಧೋಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ಹಿಂದಿನ ಸಲ ಊರಿಗೆ ಹೋದಾಗ ಮಕ್ಕಳನ್ನು ಅಲ್ಲಿಗೆ ಕರೆದೊಯ್ದೆವು. ಲೋಕಮಹಲಿನ ಮುಂದೆ ನಿಂತು ಮಗ ಕೇಳಿದ ಮೊದಲ ಪ್ರಶ್ನೆ: "ಇಲ್ಲಿ ರೈಡ್ಸ್ ಎಲ್ಲಿ?" ನಮಗೆ ನಾಚಿಕೆಯಾಯಿತು. ಒಳಗೆ ಬೀಸುವ ಕಲ್ಲಿನ ಮುಂದೆ ನಮ್ಮ ತಾಯಿ ನಿಂತುಬಿಟ್ಟರು. ಅವರು ಅದನ್ನು ವಿವರಿಸಲಿಲ್ಲ. ಹುಡುಗಿಯಾಗಿದ್ದಾಗ ಅಜ್ಜಿಯ ಎದುರು ಕುಳಿತು ರಾಗಿ ಬೀಸುತ್ತ ಹೇಳುತ್ತಿದ್ದ ಪದವೊಂದನ್ನು ಮೆಲ್ಲನೆ ಗುನುಗಿದರು. ನಲವತ್ತು ವರ್ಷ ಅವರ ಜೊತೆ ಬಾಳಿದ ನಾವು ಆ ಪದವನ್ನು ಒಮ್ಮೆಯೂ ಕೇಳಿರಲಿಲ್ಲ. ಮಗ ಸವಾರಿಯ ಮಾತು ಮರೆತು ಅಜ್ಜಿಯ ಮುಖ ನೋಡುತ್ತ ನಿಂತ. ನಾಗೇಗೌಡರು ಕಟ್ಟಿದ್ದು ಕಲ್ಲನ್ನು ಇಡುವ ಮನೆಯನ್ನಲ್ಲ, ಆ ಪದ ಹೊರಬರುವ ಒಂದು ಗಳಿಗೆಯನ್ನು ಎಂದು ಆಗ ತಿಳಿಯಿತು.

2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಬಂತು. ಅದು ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗುತ್ತದೆ. ಮೊದಲು ದಾರಿಯಲ್ಲೇ ಸಿಗುತ್ತಿದ್ದ ಜಾನಪದ ಲೋಕಕ್ಕೆ ಈಗ ಬೇಕೆಂದೇ ತಿರುಗಿ ಹೋಗಬೇಕು. ನಾಗೇಗೌಡರು ಬಂದು ನೋಡಿದರೆ ರಸ್ತೆಯ ಮೇಲೆ ಸಿಟ್ಟಾಗುತ್ತಾರೆಂದು ನಮಗೆ ಅನಿಸುವುದಿಲ್ಲ. ಆಡಳಿತ ನಡೆಸಿದವರು, ರಸ್ತೆಯ ಬೆಲೆ ಬಲ್ಲವರು. ಅವರು ಕೇಳುವುದು ಬೇರೆ: "ಬಂದವರಲ್ಲಿ ಎಷ್ಟು ಜನ ಹಾಡಿದರು?"

ಈಗ ನಮ್ಮ ಸಂಘದ ವಿಷಯ. ನಮ್ಮ ಸಂಘವೂ ಒಂದು ಧಾಮವೇ. ಕಟ್ಟಿದವರಿದ್ದಾರೆ, ನಡೆಸುವವರಿದ್ದೇವೆ, ಬಂದು ನೋಡುವವರಿದ್ದಾರೆ. ಮೊದಲ ದಿನಗಳಲ್ಲಿ ಯಾರದೋ ಮನೆಯ ನೆಲಮಾಳಿಗೆಯಲ್ಲಿ, ಕೈಬರಹದ ಕರೆಯೋಲೆ ಅಂಚೆಗೆ ಹಾಕಿ, ಒಬ್ಬೊಬ್ಬರು ಒಂದೊಂದು ಪಾತ್ರೆ ಅಡಿಗೆ ತಂದು ಮಾಡಿದ ಹಬ್ಬಗಳನ್ನು ನಾವು ಕೇಳಿ ಬಲ್ಲೆವು. ರೆಸಿಡೆನ್ಸಿ ಮುಗಿಸಿ ಈ ಊರಿಗೆ ಬಂದ ನಮ್ಮಂಥವರಿಗೆ ಸಿಕ್ಕಿದ್ದು ಸಿದ್ಧವಾಗಿದ್ದ ಸಂಘ. ಈಗ ಶಾಲೆಯ ದೊಡ್ಡ ಸಭಾಂಗಣ, ಬೆಂಗಳೂರಿನಿಂದ ಗಾಯಕರು, ಬೆಳಕಿನ ಪರದೆ, ಪ್ರಾಯೋಜಕರು, ಮುಂದಿನ ಸಾಲಿಗೆ ಬೇರೆ ದರ. ಇದೆಲ್ಲ ತಪ್ಪೆಂದು ನಾವು ಹೇಳುವುದಿಲ್ಲ. ಲೆರಾಯ್ ಕೂಡ ಬೆರಗನ್ನು ಮಾರಿದವರೇ. ಜನ ಬರಬೇಕಾದರೆ ಗೋಪುರ ಬೇಕು.

ಆದರೆ ಒಂದು ಘಟನೆಯನ್ನು ಹೇಳದೆ ಇಳಿದರೆ ಈ ಭಾಷಣ ಅಪ್ರಾಮಾಣಿಕವಾಗುತ್ತದೆ. ಹಿಂದಿನ ದೀಪಾವಳಿಯ ಸಮಾರಂಭದಲ್ಲಿ ಬಾಗಿಲ ಬಳಿ ಮೇಜು ಹಾಕಿಕೊಂಡು ಕುಳಿತಿದ್ದವರು ನಾವೇ. ಹಿರಿಯರೊಬ್ಬರು ಕೋಲೂರಿಕೊಂಡು ಒಬ್ಬರೇ ಬಂದರು. "ಸದಸ್ಯತ್ವದ ನಂಬರ್ ಏನು ಸಾರ್?" ಎಂದು ಕೇಳಿದೆವು. ಅವರು ಕೋಟಿನ ಜೇಬುಗಳನ್ನು ತಡಕಿದರು, ಸಿಗಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಅವರು ಏನೂ ಹೇಳದೆ ಅತಿಥಿಗಳ ದರ ಕೊಟ್ಟು, ಕೈಗೆ ಪಟ್ಟಿ ಕಟ್ಟಿಸಿಕೊಂಡು ಒಳಗೆ ಹೋಗಿ ಕೊನೆಯ ಸಾಲಿನಲ್ಲಿ ಕುಳಿತರು. ಮುಂದಿನ ವಾರ ಈ ಸಂಚಿಕೆಗಾಗಿ ಹಳೆಯ ಕಾಗದಗಳನ್ನು ತಿರುವುತ್ತಿದ್ದಾಗ ಮೊದಲ ಸಭೆಯ ನಡವಳಿಯ ಹಾಳೆ ಸಿಕ್ಕಿತು. ಕೆಳಗೆ ಒಂಬತ್ತು ಸಹಿಗಳು. ಅದರಲ್ಲೊಂದು ಅವರದು.

ಕಟ್ಟಿದವರು ಬಂದು ನೋಡಿದರೆ ಏನಾಗುತ್ತದೆ ಎಂದು ನಾವು ಊಹಿಸಬೇಕಿಲ್ಲ, ಬಂಧುಗಳೆ. ಬಂದಿದ್ದರು. ನಾವು ಟಿಕೆಟ್ ಹರಿದುಕೊಟ್ಟೆವು.

ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅವರು ಜೋರಾಗಿ ನಕ್ಕರು. "ಚೀಟಿ ಕೇಳುವಷ್ಟು ಜನ ಆಗಿದ್ದೀರಲ್ಲ, ಅದಕ್ಕಿಂತ ಸಂತೋಷ ಇನ್ನೇನು? ನಮ್ಮ ಕಾಲದಲ್ಲಿ ಬಾಗಿಲಲ್ಲಿ ನಿಂತು, ಇನ್ನೊಂದು ಕಾರು ಬರುತ್ತದೇನೋ ಎಂದು ಹಿಮದಲ್ಲಿ ಕಾಯುತ್ತಿದ್ದೆವು" ಎಂದರು. ಕಾಫಿ ಕುಡಿಯುತ್ತ ಕುಡಿಯುತ್ತ ಒಂದೇ ಒಂದು ಪ್ರಶ್ನೆ ಕೇಳಿದರು: "ಊಟ ಆದ ಕೂಡಲೆ ಎಲ್ಲರೂ ಯಾಕೆ ಹೊರಟುಬಿಟ್ಟರು? ನಾವು ಪಾತ್ರೆ ತೊಳೆಯುವಾಗಲೇ ನಿಜವಾದ ಮಾತುಕತೆ ಆಗುತ್ತಿದ್ದದ್ದು."

ಈ ಚಳಿಗಾಲದಲ್ಲಿ ಅವರು ತೀರಿಕೊಂಡರು. ಹೆಸರು ಬೇಡವೆಂದು ಮನೆಯವರು ಹೇಳಿದ್ದಾರೆ.

ಆ ಪ್ರಶ್ನೆಯೇ ವಾಲ್ಟ್ ಡಿಸ್ನಿಯವರ ಪ್ರಶ್ನೆ, ನಾಗೇಗೌಡರ ಪ್ರಶ್ನೆ. ನಮ್ಮ ಹಿರಿಯರು ಕಟ್ಟಿದ್ದು ಕನ್ನಡ ಬಾಳುವ ಒಂದು ಊರನ್ನು. ನಾವು ಅದನ್ನು ಮೂರು ಗಂಟೆ ನೋಡಿ ಪಾರ್ಕಿಂಗ್ ಕಡೆಗೆ ಓಡುವ ಜಾತ್ರೆ ಮಾಡಿದ್ದೇವೆಯೆ? ಜಾತ್ರೆ ಇರಲಿ, ಆದರೆ ಊರೂ ಇರಲಿ.

ವೈದ್ಯರು ರೋಗ ಹೇಳಿ ಔಷಧ ಬರೆಯದಿದ್ದರೆ ಫೀಸು ದಕ್ಕುವುದಿಲ್ಲ. ಆದ್ದರಿಂದ ಮೂರು ಗುಳಿಗೆ. ಒಂದು: ಆ ಹಾಳೆಯಲ್ಲಿ ಸಹಿ ಮಾಡಿದ ಒಂಬತ್ತು ಜನರಲ್ಲಿ ನಾಲ್ವರು ನಮ್ಮ ನಡುವೆ ಇದ್ದಾರೆ. ನಾಗೇಗೌಡರು ಟೇಪು ಹೊತ್ತು ಹಳ್ಳಿಗೆ ಹೋದಂತೆ, ನಾವು ಜೇಬಿನಲ್ಲಿರುವ ಫೋನು ಹಿಡಿದು ಅವರ ಮನೆಗೆ ಹೋಗಿ ಅವರ ದನಿಯನ್ನು ಉಳಿಸಿಕೊಳ್ಳೋಣ, ಈ ವರ್ಷವೇ. ಎರಡು: ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರೋಣ. ವೇದಿಕೆ ಇಲ್ಲ, ಮೈಕು ಇಲ್ಲ, ಮುಖ್ಯ ಅತಿಥಿ ಇಲ್ಲ. ಪಾತ್ರೆ ತೊಳೆಯುವುದು ಕಡ್ಡಾಯ. ಗಂಡಸರಿಗೂ, ಡಾಕ್ಟರಿಗೂ ರಿಯಾಯಿತಿ ಇಲ್ಲ. ಮೂರು: ಬಾಗಿಲ ಮೇಜಿನಲ್ಲಿ ಕುಳಿತವರು ತಲೆ ನರೆತವರನ್ನು ಮೊದಲು "ಹೇಗಿದ್ದೀರಿ, ಬನ್ನಿ" ಎನ್ನಲಿ. ನಂಬರು ಆಮೇಲೆ ಕೇಳಿದರಾಯಿತು.

ಮಗನ ಪ್ರಶ್ನೆಗೆ ನಾವು ಕೊಟ್ಟ ಉತ್ತರವನ್ನು ಹೇಳಿ ಮುಗಿಸುತ್ತೇವೆ. "ಕಟ್ಟಿದವರಿಗೆ ಗೋಪುರ ಬಿದ್ದರೆ ಅಷ್ಟು ಬೇಜಾರಾಗುವುದಿಲ್ಲ ಮಗು. ಬಂದವರು ಒಬ್ಬರನ್ನೊಬ್ಬರು ನೋಡದೆ ಮನೆಗೆ ಹೋದರೆ ಬೇಜಾರಾಗುತ್ತದೆ" ಎಂದೆವು.

ಇಂದು ಊಟವಾದ ಮೇಲೆ ದಯವಿಟ್ಟು ಒಂದು ಅರ್ಧ ಗಂಟೆ ನಿಲ್ಲಿ. ಪಾತ್ರೆಗಳು ಬಹಳ ಇವೆ.